ಖಳನ ಹೆಸರಿನ ಬೇರು: ಕೊಪ್ಪಳ ಸೀಮೆಯಿಂದ ಒಂದು ಅವಲೋಕನ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪಟ್ಟಣಗಳ ಶಾಲೆಗಳಲ್ಲಿ ಓದುವ ಮಕ್ಕಳಿಗೆ ಇಂಗ್ಲಿಷಿನ ಮಾಯಾಲೋಕದ ಕಥೆಗಳು ಇಂದು ಹೊಸವೇನಲ್ಲ. ಪುಸ್ತಕವಾಗಿ ದೊರೆಯದಿದ್ದರೆ ಅವು ಚಲನಚಿತ್ರವಾಗಿ ದೊರೆಯುತ್ತವೆ. ಕಥೆಯ ನಾಯಕನ ಹೆಸರು ಮರೆತರೂ ಖಳನ ಹೆಸರು ಮಕ್ಕಳ ನಾಲಿಗೆಯ ಮೇಲೆ ಉಳಿಯುತ್ತದೆ: ವೋಲ್ಡೆಮಾರ್ಟ್, ಡ್ರೇಕೊ ಮಾಲ್ಫಾಯ್, ಬೆಲ್ಲಾಟ್ರಿಕ್ಸ್, ಮಲೆಫಿಸೆಂಟ್, ಲೂಸಿಫರ್. ಧರ್ಮೋಪದೇಶದ ತರಗತಿಗಳಲ್ಲಿ ಈ ಹೆಸರುಗಳನ್ನು ಕುರಿತು ಎರಡು ಪ್ರಶ್ನೆಗಳು ಏಳುತ್ತವೆ. ಇಂಥ ಹೆಸರುಗಳನ್ನು ಉಚ್ಚರಿಸುವುದು ದೋಷವಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಇವುಗಳ ಅರ್ಥವೇನು ಎಂದು ಮಕ್ಕಳು ಕೇಳುತ್ತಾರೆ. ಹಿರಿಯರ ಪ್ರಶ್ನೆಗೆ ಉತ್ತರವು ಮಕ್ಕಳ ಪ್ರಶ್ನೆಯಲ್ಲಿಯೇ ಇದೆ ಎಂಬುದು ನಮ್ಮ ಅಭಿಪ್ರಾಯ.

ಈ ಹೆಸರುಗಳ ಲ್ಯಾಟಿನ್ ಮತ್ತು ಗ್ರೀಕ್ ಬೇರುಗಳನ್ನು ಅಗೆದು ನೋಡಿದರೆ ಅಚ್ಚರಿಯೊಂದು ಕಾದಿದೆ. ಹುಟ್ಟಿನಿಂದಲೇ ಕೇಡನ್ನು ಸೂಚಿಸುವ ಬೇರುಗಳು ಅಲ್ಲಿ ಬಹಳ ಕಡಿಮೆ. ಹೆಚ್ಚಿನವು ಒಂದು ಕಾಲಕ್ಕೆ ಗೌರವದ, ಇಲ್ಲವೇ ಸಾಧಾರಣವಾದ ಪದಗಳಾಗಿದ್ದವು. ಮುಂದೆ ಯಾರದೋ ಬಾಯಲ್ಲಿ, ಯಾವುದೋ ವಿವಾದದಲ್ಲಿ ಕೆಟ್ಟವು. ಪದವು ಹೀಗೆ ಕೆಟ್ಟ ಇತಿಹಾಸಕ್ಕೂ ಕೇಡನ್ನು ಕುರಿತು ಧರ್ಮಸಭೆಯು ಬೋಧಿಸುವ ಸತ್ಯಕ್ಕೂ ಹತ್ತಿರದ ಸಂಬಂಧವಿದೆ. ಅದನ್ನು ಕಾಣಲು ರೋಮಿಗಾಗಲಿ ಅಥೆನ್ಸಿಗಾಗಲಿ ಹೋಗಿ ಹಿಂದಿರುಗಿದರೆ ಸಾಲದು. ಕೊಪ್ಪಳದ ಗುಡ್ಡವನ್ನೂ ಏರಬೇಕು.

1. ಕಟ್ಟಿದ ಹೆಸರುಗಳು

ಜೆ. ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕ ಪ್ರಕಟವಾದದ್ದು 1997ರಲ್ಲಿ. ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆ ರೂಪುಗೊಂಡದ್ದೂ ಅದೇ ವರ್ಷ. ಲೇಖಕಿ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಭಾಷೆಯನ್ನೂ ಪ್ರಾಚೀನ ಸಾಹಿತ್ಯವನ್ನೂ ಅಭ್ಯಾಸ ಮಾಡಿದವರು. ಆ ಕಲಿಕೆಯ ಗುರುತು ಅವರ ಪಾತ್ರಗಳ ಹೆಸರುಗಳಲ್ಲಿ ಎದ್ದು ಕಾಣುತ್ತದೆ. 'ಮಾಲ್ಫಾಯ್' ಎಂಬುದು ಫ್ರೆಂಚಿನ 'ಮಾಲ್' ಮತ್ತು 'ಫ್ವಾ' ಎಂಬ ಪದಗಳಿಂದ ಆದದ್ದು. ಅವುಗಳ ಹಿಂದೆ ಲ್ಯಾಟಿನ್ನಿನ 'ಮಾಲುಸ್' ಅಂದರೆ ಕೆಟ್ಟ, 'ಫಿದೆಸ್' ಅಂದರೆ ನಂಬಿಕೆ ಎಂಬ ಪದಗಳಿವೆ. ನಂಬಿಕೆಗೆ ಎರಡು ಬಗೆಯುವವನು ಎಂದು ಅದರ ತಾತ್ಪರ್ಯ. 'ಡಿಮೆಂಟರ್' ಎಂಬ ಪದದಲ್ಲಿರುವುದು 'ಮೆನ್ಸ್', ಅಂದರೆ ಮನಸ್ಸು. ಮನಸ್ಸನ್ನು ಕಳಚಿ ಒಯ್ಯುವವನು ಡಿಮೆಂಟರ್. 'ಬೆಲ್ಲಾಟ್ರಿಕ್ಸ್' ಎಂದರೆ ಲ್ಯಾಟಿನ್ನಿನಲ್ಲಿ ವೀರವನಿತೆ. ಮೃಗಶಿರದ ನಕ್ಷತ್ರಪುಂಜದಲ್ಲಿ ಹೊಳೆಯುವ ಒಂದು ನಕ್ಷತ್ರಕ್ಕೂ ಅದೇ ಹೆಸರಿದೆ. 'ಸೆವೆರುಸ್' ಎಂದರೆ ಕಟ್ಟುನಿಟ್ಟಿನವನು. ರೋಮಿನ ಚಕ್ರವರ್ತಿಗೂ, 4ನೆಯ ಶತಮಾನದಲ್ಲಿ ರವೆನ್ನದ ಧರ್ಮಾಧ್ಯಕ್ಷರಾಗಿದ್ದ ಸಂತರಿಗೂ ಇದ್ದ ಹೆಸರದು. ಕಥೆಯುದ್ದಕ್ಕೂ ಓದುಗನು ಖಳನೆಂದು ಸಂಶಯಿಸುವ ಸೆವೆರುಸನು ಕೊನೆಗೆ ಹಾಗಲ್ಲವೆಂದು ತಿಳಿಯುತ್ತದೆ. ಹೆಸರಿನ ಗಡಸುತನವನ್ನು ಕಂಡು ತೀರ್ಪು ಕೊಟ್ಟವರು ತಲೆ ತಗ್ಗಿಸಬೇಕಾಗುತ್ತದೆ.

'ಡ್ರೇಕೊ' ಎಂಬುದಕ್ಕೆ ಮೂಲ ಗ್ರೀಕಿನ 'ದ್ರಾಕೋನ್'. ಇದನ್ನು ನೋಡು ಎಂಬರ್ಥದ ಧಾತುವಿನೊಡನೆ ಕೂಡಿಸಿ ಹೇಳುವುದು ವಾಡಿಕೆ. ಎವೆಯಿಕ್ಕದೆ ನೋಡುವ ದೊಡ್ಡ ಹಾವು ದ್ರಾಕೋನ್. ಪ್ರಕಟನಾ ಗ್ರಂಥದ 12ನೆಯ ಅಧ್ಯಾಯದಲ್ಲಿ ಈ ಪದ ಸೈತಾನನಿಗೆ ಅನ್ವಯವಾಗಿದೆ. ಕನ್ನಡದ ಅನುವಾದಕರು ಅದನ್ನು 'ಘಟಸರ್ಪ' ಎಂದರು. ಆದರೆ ಪ್ರಾಚೀನ ಗ್ರೀಕರಿಗೆ ಹಾವು ವೈದ್ಯದೇವತೆಯ ಸಂಗಾತಿ. ರೋಮನ್ನರಿಗೆ ಮನೆಯ ಕಾವಲುಗಾರ. ಪೊಂಪೇಯಿಯ ಮನೆಗಳ ಗೋಡೆಯ ಮೇಲೆ ಕುಲದೇವತೆಗಳ ಗೂಡಿನ ಕೆಳಗೆ ಹಾವುಗಳ ಚಿತ್ರ ಇಂದಿಗೂ ಉಳಿದಿದೆ. ಅರಳಿಕಟ್ಟೆಯ ಮೇಲಿನ ನಾಗರಕಲ್ಲಿಗೆ ಪಂಚಮಿಯಂದು ಹಾಲೆರೆಯುವ ಕುಷ್ಟಗಿಯ ರೈತ ಮಹಿಳೆಗೆ ಪೊಂಪೇಯಿಯ ಆ ಗೋಡೆ ಅಪರಿಚಿತವೆನಿಸಲಾರದು.

'ವೋಲ್ಡೆಮಾರ್ಟ್' ಎಂಬುದು ಫ್ರೆಂಚಿನ ಮೂರು ಪದಗಳ ಕೂಟ. 'ವೋಲ್' ಎಂದರೆ ಹಾರಾಟವೂ ಹೌದು, ಕಳ್ಳತನವೂ ಹೌದು. 'ಮಾರ್' ಎಂಬುದು ಲ್ಯಾಟಿನ್ನಿನ 'ಮೋರ್ಸ್', ಅಂದರೆ ಮರಣ. ಮರಣಕ್ಕೆ ಅಂಜಿ ತನ್ನ ಆತ್ಮವನ್ನೇ ತುಂಡರಿಸಿ ಬಚ್ಚಿಟ್ಟವನಿಗೆ ಈ ಹೆಸರು ಒಪ್ಪುತ್ತದೆ. ಸೈತಾನನ ಆಳ್ವಿಕೆಯನ್ನು ಹಿಬ್ರಿಯರ ಪತ್ರವು ಮರಣಭಯದ ದಾಸ್ಯವೆಂದೇ ವಿವರಿಸುತ್ತದೆ (ಹಿಬ್ರಿಯ 2:14-15). ಈ ಒಂದು ಹೆಸರಿನ ಮಟ್ಟಿಗಾದರೂ ಕಾದಂಬರಿಗೂ ಪತ್ರಕ್ಕೂ ಭೇದವಿಲ್ಲ.

ಇಂಗ್ಲೆಂಡಿನ ಇನ್ನೊಬ್ಬ ಕಥೆಗಾರ, ಆಕ್ಸ್‌ಫರ್ಡಿನ ಭಾಷಾಶಾಸ್ತ್ರಜ್ಞ, ಶ್ರದ್ಧಾವಂತ ಕಥೋಲಿಕ ಟೋಲ್ಕಿನ್ ಲ್ಯಾಟಿನ್ನಿನಿಂದ ಎರವಲು ಪಡೆಯದೆ ತಾನೇ ಭಾಷೆಗಳನ್ನು ಕಟ್ಟಿ ಖಳರಿಗೆ ಹೆಸರಿಟ್ಟವರು. ಅವರ ಪುರಾಣದಲ್ಲಿ ಮೊದಲ ಖಳನಿಗೆ ಹುಟ್ಟು ಹೆಸರು 'ಮೆಲ್ಕೋರ್', ಶಕ್ತಿಯಲ್ಲಿ ಏಳುವವನು ಎಂದರ್ಥ. ಅವನು ಕೆಟ್ಟ ಮೇಲೆ ಇತರರು ಅವನನ್ನು 'ಮಾರ್ಗೋತ್', ಕರಾಳ ವೈರಿ, ಎಂದರು. ಅವನ ಸೇವಕ ಸೌರೋನನಿಗೂ ಆದಿಯಲ್ಲಿ 'ಪ್ರಶಂಸೆಗೆ ಯೋಗ್ಯ' ಎಂಬರ್ಥದ ಹೆಸರಿತ್ತೆಂದು ಟೋಲ್ಕಿನ್ ತಮ್ಮ ಟಿಪ್ಪಣಿಗಳಲ್ಲಿ ಬರೆದಿದ್ದಾರೆ. ಕಥೆಗಾರನ ಈ ನಡೆಯ ಹಿಂದೆ ಧರ್ಮಸಭೆಯ ಹಳೆಯದೊಂದು ನೆನಪಿದೆ. ಅದು ಲೂಸಿಫರನ ನೆನಪು.

2. ಬೆಳ್ಳಿಯ ಬೀಳು

'ಲೂಸಿಫರ್' ಎಂಬುದು 'ಲುಕ್ಸ್' ಅಂದರೆ ಬೆಳಕು, 'ಫೆರ್ರೆ' ಅಂದರೆ ತರು ಎಂಬ ಎರಡು ಲ್ಯಾಟಿನ್ ಪದಗಳ ಸಮಾಸ. ಬೆಳಕು ತರುವವನು ಲೂಸಿಫರ್. ರೋಮನ್ನರಿಗೆ ಅದು ಬೆಳಗಿನ ಶುಕ್ರಗ್ರಹದ ಹೆಸರು. ಹೊಲಕ್ಕೆ ಹೊರಡುವ ನಮ್ಮ ರೈತನು 'ಬೆಳ್ಳಿ ಮೂಡಿತು' ಎನ್ನುವಾಗ ತೋರಿಸುವ ಚುಕ್ಕಿಯೇ ಅದು. ಪ್ರವಾದಿ ಯೆಶಾಯನು ಬಾಬಿಲೋನಿನ ಅರಸನ ಪತನವನ್ನು ಹಾಡುವಾಗ ಅವನನ್ನು ಆಕಾಶದಿಂದ ಕಳಚಿ ಬಿದ್ದ ಉದಯನಕ್ಷತ್ರಕ್ಕೆ ಹೋಲಿಸುತ್ತಾನೆ (ಯೆಶಾಯ 14:12). ಹೀಬ್ರುವಿನಲ್ಲಿ ಅಲ್ಲಿರುವುದು 'ಹೇಲೇಲ್'. ಗ್ರೀಕಿನ ಸಪ್ತತಿ ಅನುವಾದವು ಅದನ್ನು 'ಹೆಯೋಸ್ಫೊರೋಸ್', ಮುಂಬೆಳಗನ್ನು ತರುವವನು, ಎಂದಿತು. 4ನೆಯ ಶತಮಾನದ ಕೊನೆಗೆ ಸಂತ ಜೆರೋಮರು ಲ್ಯಾಟಿನ್ನಿಗೆ ತರುವಾಗ 'ಲೂಸಿಫರ್' ಎಂದು ಬರೆದರು. ಇದು ನೇರವಾದ ಅನುವಾದ; ಅದರಲ್ಲಿ ಶಾಪದ ಸುಳಿವಿಲ್ಲ.

ಜೆರೋಮರಿಗಿಂತ ಮೊದಲೇ, 3ನೆಯ ಶತಮಾನದಲ್ಲಿ, ಒರಿಜೆನ್ ಮೊದಲಾದ ಪಿತೃಗಳು ಯೆಶಾಯನ ಈ ಹಾಡನ್ನು ಸೈತಾನನ ಪತನದ ಚಿತ್ರವೆಂದು ಓದಿದ್ದರು. ಸೈತಾನನು ಮಿಂಚಿನಂತೆ ಬೀಳುವುದನ್ನು ಕಂಡೆನೆಂಬ ಪ್ರಭುವಿನ ಮಾತು (ಲೂಕ 10:18) ಆ ಓದಿಗೆ ಆಧಾರವಾಯಿತು. ಕ್ರಮೇಣ ಅರಸನು ಮರೆಯಾದನು, ಹೋಲಿಕೆ ಅಳಿಯಿತು, ಉಪಮಾನವೇ ಅಂಕಿತನಾಮವಾಯಿತು. ದಾಂತೆಯ ಮಹಾಕಾವ್ಯದಲ್ಲಿಯೂ 1667ರ ಮಿಲ್ಟನ್ನನ ಕಾವ್ಯದಲ್ಲಿಯೂ ಲೂಸಿಫರ್ ಎಂದರೆ ಬಿದ್ದ ದೂತನೇ. ಇಂದಿನ ಚಲನಚಿತ್ರಗಳು ಆ ಸಾಲಿನ ಕೊನೆಯ ಕೊಂಡಿಗಳು.

ಆದರೆ ಹೆಸರಿನ ಮೊದಲ ಬೆಳಕು ಪೂರ್ತಿ ಆರಿರಲಿಲ್ಲ. ಕಲ್ಲಿಯಾರಿಯ ಧರ್ಮಾಧ್ಯಕ್ಷರೊಬ್ಬರ ಹೆಸರು ಲೂಸಿಫರ್. 355ರ ಮಿಲಾನಿನ ಸಭೆಯಲ್ಲಿ ಸಂತ ಅಥನಾಸಿಯರ ಪಕ್ಷ ಹಿಡಿದು ಚಕ್ರವರ್ತಿಯ ಕೋಪಕ್ಕೆ ಗುರಿಯಾಗಿ ದೇಶಭ್ರಷ್ಟರಾದವರು ಅವರು. ಮಗುವಿಗೆ ಆ ಹೆಸರಿಡಲು ಆ ಕಾಲದ ತಂದೆತಾಯಿ ಅಳುಕಲಿಲ್ಲ. ಲ್ಯಾಟಿನ್ ಬೈಬಲಿನಲ್ಲಿ ಪೇತ್ರನ ಎರಡನೆಯ ಪತ್ರವು (1:19) ಹೃದಯದಲ್ಲಿ ಮೂಡುವ ಉದಯನಕ್ಷತ್ರಕ್ಕೂ ಲೂಸಿಫರ್ ಎಂಬ ಪದವನ್ನೇ ಬಳಸುತ್ತದೆ. ಅಲ್ಲಿ ಅದು ಸೂಚಿಸುವುದು ಕ್ರಿಸ್ತನನ್ನು. ಪಾಸ್ಖ ಜಾಗರಣೆಯ ರಾತ್ರಿ ಮೇಣದಬತ್ತಿಯ ಮುಂದೆ ಹಾಡುವ ಲ್ಯಾಟಿನ್ ಘೋಷಣೆಯಲ್ಲಿ ಉತ್ಥಿತ ಪ್ರಭುವಿಗೆ ಅದೇ ಹೆಸರು ಸಲ್ಲುತ್ತದೆ. ಒಂದೇ ಪದವು ಒಂದೆಡೆ ನರಕದ ತಳದಲ್ಲಿದೆ, ಇನ್ನೊಂದೆಡೆ ಬಲಿಪೀಠದ ಬಳಿಯಲ್ಲಿದೆ. ನಮ್ಮ ಪುರಾಣಗಳಲ್ಲಿಯೂ ಶುಕ್ರನು ಅಸುರರ ಗುರು. ಆದರೂ ಶುಕ್ರದೆಸೆ ಎಂದರೆ ನಮ್ಮ ಜನಕ್ಕೆ ಸೌಭಾಗ್ಯವೇ.

3. ದೈವವು ದೆವ್ವವಾದ ಬಗೆ

'ಡೀಮನ್' ಎಂಬ ಇಂಗ್ಲಿಷ್ ಪದದ ಮೂಲ ಗ್ರೀಕಿನ 'ದೈಮೋನ್'. ಹೋಮರನಿಗೆ ಅದು ದೇವತೆಗಳಿಗೂ ಸಲ್ಲುವ ಪದ. ಸಾಕ್ರಟೀಸನು ತನ್ನನ್ನು ತಪ್ಪು ದಾರಿಯಿಂದ ತಡೆಯುತ್ತಿದ್ದ ಒಳದನಿಗೆ 'ದೈಮೋನಿಯೋನ್' ಎನ್ನುತ್ತಿದ್ದನು. ಹೀಬ್ರು ಕೀರ್ತನೆಯೊಂದು ಅನ್ಯಜನಗಳ ದೇವತೆಗಳನ್ನು ಹುರುಳಿಲ್ಲದವರು ಎಂದು ಕರೆದಲ್ಲಿ (96:5) ಸಪ್ತತಿ ಅನುವಾದಕರು 'ದೈಮೋನಿಯ' ಎಂದು ಬರೆದರು. ಶುಭಸಂದೇಶಗಳ ಕಾಲಕ್ಕೆ ಅದು ಜನರನ್ನು ಹಿಡಿದು ಕಾಡುವ ಅಶುದ್ಧಾತ್ಮದ ಹೆಸರಾಗಿತ್ತು.

ಈ ಪಯಣದಲ್ಲಿ ಸ್ವಾರಸ್ಯದ ಒಂದು ತಿರುವು ಪ್ರೇಷಿತರ ಕಾರ್ಯಕಲಾಪಗಳಲ್ಲಿದೆ. ಅಥೆನ್ಸಿನಲ್ಲಿ ಪೌಲನು ಯೇಸುವನ್ನೂ ಪುನರುತ್ಥಾನವನ್ನೂ ಸಾರಿದಾಗ ಅಲ್ಲಿನ ತತ್ತ್ವಜ್ಞಾನಿಗಳು, ಇವನು ಪರದೇಶದ ದೈಮೋನಿಯಗಳನ್ನು ಸಾರುತ್ತಾನೆ ಎಂದರು (17:18). ಗ್ರೀಕರ ಕಿವಿಯಲ್ಲಿ ಅದು ಬೈಗಳಲ್ಲ. ಹೊಸ ದೈವ ಎಂದಷ್ಟೇ ಅರ್ಥ. ಪೌಲನಾದರೂ ಉತ್ತರಿಸುವಾಗ ಅವರ ಭಕ್ತಿಯನ್ನು ಹೆಸರಿಸಲು ಅದೇ ಮೂಲದ ಪದವೊಂದನ್ನು ಬಳಸಿದನು (17:22). ಕೊರಿಂಥದವರಿಗೆ ಬರೆಯುವಾಗ ಅದೇ ಪದವನ್ನು ಎಚ್ಚರಿಕೆಯ ಅರ್ಥದಲ್ಲಿ ಬಳಸಿದವನೂ ಅವನೇ (1 ಕೊರಿಂಥ 10:20). ಯಾರೊಡನೆ ಮಾತನಾಡುತ್ತಿದ್ದೇನೆ ಎಂಬ ವಿವೇಕ ಅವನಿಗಿತ್ತು.

ಕನ್ನಡದಲ್ಲಿಯೂ ಇದೇ ನಡೆದಿದೆ. 'ದೆವ್ವ' ಎಂಬ ಪದವು ದೇವ, ದೈವ ಎಂಬ ಪದಗಳ ಮನೆತನಕ್ಕೇ ಸೇರಿದ್ದು. ತುಳುನಾಡಿನಲ್ಲಿ ದೈವವು ಕೋಲದಲ್ಲಿ ಬಂದು ನ್ಯಾಯ ಹೇಳುತ್ತದೆ. ಯಲಬುರ್ಗಾದ ಹಳ್ಳಿಯಲ್ಲಿ ದೆವ್ವವು ಹುಣಸೆಮರದಲ್ಲಿ ಕುಳಿತು ಹೆದರಿಸುತ್ತದೆ. ಆದರೆ ಅದೇ ಹಳ್ಳಿಯ ಜನ ಕೈಮುಗಿದು 'ದ್ಯಾವ್ರೇ' ಎನ್ನುವಾಗ ಆ ಬೇರಿನ ಹಳೆಯ ಗೌರವವೂ ಬದುಕಿರುತ್ತದೆ. ಇರಾನಿನ ಪ್ರಾಚೀನ ಧರ್ಮದಲ್ಲಿ 'ದಏವ' ಎಂದರೆ ದುಷ್ಟಶಕ್ತಿ, 'ಅಹುರ' ಎಂದರೆ ಒಡೆಯನಾದ ದೇವರು. ಭಾರತದಲ್ಲಿ 'ದೇವ' ಮೇಲೇರಿತು, 'ಅಸುರ' ಕೆಳಗಿಳಿಯಿತು. ಋಗ್ವೇದದ ಹಳೆಯ ಸೂಕ್ತಗಳಲ್ಲಿ ವರುಣನಿಗೂ ಅಗ್ನಿಗೂ ಗೌರವವಾಚಕವಾಗಿದ್ದ 'ಅಸುರ' ಪದವು ಪುರಾಣಗಳ ಹೊತ್ತಿಗೆ ರಕ್ಕಸನ ಹೆಸರಾಯಿತು. ನೆರೆಯವರು ಬೇರೆಯಾದಾಗ ಒಬ್ಬರ ದೇವರು ಇನ್ನೊಬ್ಬರ ದೆವ್ವವಾಗುತ್ತಾನೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಬೆಲ್ಜೆಬೂಲನ ಕಥೆಯೂ ಹೀಗೆಯೇ. ಕಾನಾನಿನ ಪ್ರಾಚೀನ ಬರಹಗಳಲ್ಲಿ ಬಾಳನಿಗೆ 'ಜೆಬುಲ್', ಅಂದರೆ ಪ್ರಭು, ಎಂಬ ಬಿರುದಿದೆ. ಅರಸುಗಳ ಎರಡನೆಯ ಗ್ರಂಥದಲ್ಲಿ (1:2) ಎಕ್ರೋನಿನ ಆ ದೇವತೆಯ ಹೆಸರು 'ಬಾಳ್ಜೆಬೂಬ್', ನೊಣಗಳೊಡೆಯ, ಎಂದು ಬರುತ್ತದೆ. ಒಂದು ಅಕ್ಷರ ತಿರುಚಿ ಮಾಡಿದ ಲೇವಡಿ ಇದೆಂದು ಹೆಚ್ಚಿನ ವಿದ್ವಾಂಸರ ಮತ. ಇಂಗ್ಲಿಷ್ ಲೇಖಕ ಗೋಲ್ಡಿಂಗ್ 1954ರಲ್ಲಿ ತನ್ನ ಕಾದಂಬರಿಗೆ ಈ ಲೇವಡಿಯ ಅರ್ಥವನ್ನೇ ಶೀರ್ಷಿಕೆಯಾಗಿಸಿದನು. ಆ ಹೆಸರಿನ ಇತಿಹಾಸದಲ್ಲಿ ನಮ್ಮ ಮನಸ್ಸು ತಟ್ಟುವ ಘಟನೆ ಬೇರೊಂದಿದೆ: ಧರ್ಮಶಾಸ್ತ್ರಿಗಳು ಅದನ್ನು ಯೇಸುಸ್ವಾಮಿಯ ಮೇಲೆ ಹೊರಿಸಿದರು (ಮಾರ್ಕ 3:22). ಮನೆಯೊಡೆಯನನ್ನೇ ಹಾಗೆ ಕರೆದವರು ಮನೆಯವರನ್ನು ಬಿಟ್ಟಾರೆಯೇ ಎಂದು ಪ್ರಭುವು ಶಿಷ್ಯರನ್ನು ಎಚ್ಚರಿಸಿದನು (ಮತ್ತಾಯ 10:25).

ಇನ್ನುಳಿದ ಎರಡು ಹೆಸರುಗಳು ನ್ಯಾಯಾಲಯದವು. ಹೀಬ್ರುವಿನ 'ಸಾತಾನ್' ಎಂದರೆ ಎದುರಾಳಿ. ಬಿಳಾಮನ ದಾರಿಗೆ ಅಡ್ಡನಿಂತ ಪ್ರಭುವಿನ ದೂತನಿಗೂ ಆ ಪದ ಸಂದಿದೆ (ಸಂಖ್ಯಾಕಾಂಡ 22:22). ಯೋಬನ ಗ್ರಂಥದಲ್ಲಿ ಅದು ದೂರು ಹೊರಿಸುವ ಅಧಿಕಾರಿಯ ಹುದ್ದೆ. ಗ್ರೀಕಿನ 'ದಿಯಾಬೊಲೋಸ್' ಎಂದರೆ ನಡುವೆ ಎಸೆಯುವವನು, ಚಾಡಿಕೋರ. ಚಾಡಿ ಹೇಳುವ ಸಾಧಾರಣ ಮನುಷ್ಯರಿಗೂ ಹೊಸ ಒಡಂಬಡಿಕೆ ಈ ಪದವನ್ನು ಬಳಸುತ್ತದೆ (1 ತಿಮೊಥೇಯ 3:11). ಅದಕ್ಕೆ ಎದುರಾದ ಪದ 'ಪರಾಕ್ಲೇತೋಸ್', ಪರವಾಗಿ ನಿಲ್ಲುವವನು. ಅದು ಪವಿತ್ರಾತ್ಮನ ಹೆಸರು. ಆದ್ದರಿಂದ ಸೈತಾನ ಎಂಬ ಪದ ನಮಗೆ ಮೊದಲು ತಿಳಿಸುವುದು ಕೊಂಬು ಬಾಲಗಳ ರೂಪವನ್ನಲ್ಲ, ಹೊರಿಸುವ ನಾಲಿಗೆಯ ಕೆಲಸವನ್ನು.

4. ಗವಿಮಠದ ಬಂಡೆ, ಕಿಷ್ಕಿಂಧೆಯ ಕಥೆ

ಕೊಪ್ಪಳದ ಗವಿಮಠದ ಗುಡ್ಡದಲ್ಲಿಯೂ ಅದಕ್ಕೆ ಸಮೀಪದ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಕಿರು ಬಂಡೆಗಲ್ಲಿನ ಶಾಸನಗಳಿವೆ. ಕ್ರಿಸ್ತಪೂರ್ವ 3ನೆಯ ಶತಮಾನದ ಈ ಬ್ರಾಹ್ಮೀ ಬರಹಗಳು 1931ರಲ್ಲಿ ವಿದ್ವಾಂಸರ ಗಮನಕ್ಕೆ ಬಂದವು. ಪಾಲ್ಕಿಗುಂಡಿನ ಬರಹ ಬಹಳಷ್ಟು ಸವೆದಿದೆ. ಗವಿಮಠದ್ದು ಚೆನ್ನಾಗಿ ಉಳಿದಿದೆ. ಶ್ರದ್ಧೆಯಿಂದ ನಡೆದರೆ ದೊಡ್ಡವರಷ್ಟೇ ಅಲ್ಲದೆ ಸಣ್ಣವರೂ ಸ್ವರ್ಗವನ್ನು ಪಡೆಯಬಲ್ಲರು ಎಂಬುದು ಅದರ ತಿರುಳು. ಅರಸನು ಅಲ್ಲಿ ತನ್ನನ್ನು 'ದೇವಾನಂಪಿಯ', ದೇವತೆಗಳಿಗೆ ಪ್ರಿಯನಾದವನು, ಎಂದು ಕರೆದುಕೊಂಡಿದ್ದಾನೆ. ಅವನ ಸಮಕಾಲೀನನಾದ ಸಿಂಹಳದ ಅರಸ ತಿಸ್ಸನಿಗೂ ಇದೇ ಬಿರುದಿತ್ತು.

ಆದರೆ ಸಂಸ್ಕೃತದ ವ್ಯಾಕರಣ ಪರಂಪರೆಯಲ್ಲಿ 'ದೇವಾನಾಂಪ್ರಿಯ' ಎಂಬುದಕ್ಕೆ ಬೇರೊಂದು ಗತಿ ಒದಗಿತು. 17ನೆಯ ಶತಮಾನದ ಭಟ್ಟೋಜಿ ದೀಕ್ಷಿತನ ಹೊತ್ತಿಗೆ ಅದರ ಅರ್ಥ 'ಮೂರ್ಖ' ಎಂದು ನಿಶ್ಚಿತವಾಗಿತ್ತು. ಬೌದ್ಧ ಅರಸನ ಮೇಲಣ ಅಸಡ್ಡೆಯೇ ಇದಕ್ಕೆ ಕಾರಣವಿರಬಹುದೆಂದು ಹಲವರು ಊಹಿಸಿದ್ದಾರೆ. ಕಾರಣ ಏನೇ ಇರಲಿ, ದೇವರ ಪ್ರೀತಿಯನ್ನು ಸಾರುವ ಪದವು ಪಂಡಿತರ ಬಾಯಲ್ಲಿ ಬೈಗಳಾಯಿತು ಎಂಬುದು ನಿಜ. ಪುಸ್ತಕವು ಪದವನ್ನು ಕೆಡಿಸಿದ ಮೇಲೂ ಕೊಪ್ಪಳದ ಕಲ್ಲು ಅದರ ಮೊದಲ ಮಾನವನ್ನು ಕಾಪಾಡಿಕೊಂಡಿತು. ಜನವರಿಯ ಜಾತ್ರೆಗೆ ಗವಿಸಿದ್ಧೇಶ್ವರನ ಸನ್ನಿಧಿಗೆ ಬರುವ ಲಕ್ಷಾಂತರ ಭಕ್ತರು ಆ ಸಾಕ್ಷಿಯ ಮಗ್ಗುಲಲ್ಲಿಯೇ ನಡೆದು ಹೋಗುತ್ತಾರೆ.

ಇದೇ ಕೊಪ್ಪಳವು ಒಂದು ಕಾಲಕ್ಕೆ ಕೊಪಣವೆಂಬ ಜೈನರ ಮಹಾತೀರ್ಥ. ಕವಿರಾಜಮಾರ್ಗವು ಕನ್ನಡದ ತಿರುಳ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಸ್ಥಳಗಳಲ್ಲಿ ಕೊಪಣವೂ ಒಂದು. ಗಂಗಾವತಿ ತಾಲೂಕಿನ ಆನೆಗುಂದಿಯ ಸುತ್ತಣ ಗುಡ್ಡಗಳನ್ನು ಜನರು ಕಿಷ್ಕಿಂಧೆಯೆಂದು ನಂಬುತ್ತಾರೆ. ವಾಲಿ ಸುಗ್ರೀವರ ರಾಜ್ಯವದು. ಜೈನ ಕವಿಗಳು ಈ ಕಥೆಯನ್ನು ಹೇಳುವಾಗ ವಾನರರೂ ರಾಕ್ಷಸರೂ ವಿದ್ಯಾಧರರ ವಂಶಗಳೆಂದರು. ವಾನರ ಎಂಬುದು ಅವರಿಗೆ ಧ್ವಜದ ಲಾಂಛನದಿಂದ ಬಂದ ಹೆಸರು. ನಾಗಚಂದ್ರನ ರಾಮಚಂದ್ರಚರಿತಪುರಾಣದಲ್ಲಿ ರಾವಣನು ಒಂದು ದೌರ್ಬಲ್ಯದಿಂದ ಬಿದ್ದ ಉದಾತ್ತನು; ಅವನ ಪಶ್ಚಾತ್ತಾಪಕ್ಕೂ ಅಲ್ಲಿ ಎಡೆಯಿದೆ. 'ದುರ್ಯೋಧನ' ಎಂದರೆ ಹೋರಾಡಿ ಗೆಲ್ಲಲು ಕಠಿನನಾದವನು, 'ದುಶ್ಶಾಸನ' ಎಂದರೆ ಆಳಲು ಕಠಿನನಾದವನು. 'ದುಃ' ಎಂಬ ಉಪಸರ್ಗ ಅಲ್ಲಿ ಕೇಡನ್ನು ಹೇಳುವುದಿಲ್ಲ, ಕಷ್ಟವನ್ನು ಹೇಳುತ್ತದೆ. ಪಂಪನು ಛಲಕ್ಕೆ ದುರ್ಯೋಧನನನ್ನೇ ಮಾದರಿಯಾಗಿ ನೆನೆದನು. ರನ್ನನ ಗದಾಯುದ್ಧದಲ್ಲಿ ಅವನ ಕೊನೆಯ ದಿನ ಓದುಗನ ಕಣ್ಣನ್ನು ತೇವಗೊಳಿಸುತ್ತದೆ. ಇದಕ್ಕೆ ತಿರುಗುಮುರುಗಾದ ದೃಷ್ಟಾಂತ ವಿಭೀಷಣ. ಭಯಂಕರನೆಂಬುದು ಆ ಹೆಸರಿನ ಅರ್ಥ. ಧರ್ಮದ ಪಕ್ಷಕ್ಕೆ ನಡೆದು ಬಂದವನು ಮಾತ್ರ ಅವನೇ. ಹೆಸರು ಹಣೆಬರಹವಲ್ಲವೆಂದು ನಮ್ಮ ಕವಿಗಳಿಗೆ ತಿಳಿದಿತ್ತು.

5. ಕೇಡಿಗೆ ಸ್ವಂತ ಹೆಸರಿಲ್ಲ

ಲ್ಯಾಟಿನ್, ಗ್ರೀಕ್, ಹೀಬ್ರು, ಸಂಸ್ಕೃತ, ಕನ್ನಡಗಳ ಈ ಸಾಕ್ಷ್ಯವನ್ನು ಒಟ್ಟಿಗೆ ಇಟ್ಟು ನೋಡಿದರೆ ಕಾಣುವುದು ಏನು? ಕೇಡು ತನ್ನ ಹೆಸರನ್ನು ಒಳಿತಿನಿಂದ ಸಾಲವಾಗಿ ಪಡೆಯುತ್ತದೆ. ಬೆಳಕು, ದೈವ, ಒಡೆತನ, ಶೌರ್ಯ ಎಂಬ ಒಳಿತುಗಳಿಲ್ಲದಿದ್ದರೆ ಲೂಸಿಫರ್, ಡೀಮನ್, ಬೆಲ್ಜೆಬೂಲ್, ಬೆಲ್ಲಾಟ್ರಿಕ್ಸ್ ಎಂಬ ಹೆಸರುಗಳೇ ಇರುತ್ತಿರಲಿಲ್ಲ. ಕೇಡನ್ನು ನೇರವಾಗಿ ಹೇಳುವ 'ಮಾಲುಸ್' ಎಂಬ ಪದ ಸಹ 'ಮಾಲ್ಫಾಯ್' ಎಂಬಲ್ಲಿ ನಂಬಿಕೆಯೆಂಬ ಒಳಿತಿಗೆ ಅಂಟಿಕೊಂಡೇ ನಿಲ್ಲಬೇಕಾಯಿತು.

ಸಂತ ಅಗಸ್ಟೀನರು ಯೌವನದಲ್ಲಿ ಒಂಬತ್ತು ವರ್ಷಗಳ ಕಾಲ ಮಾನಿಯ ಮತವನ್ನು ಹಿಂಬಾಲಿಸಿದವರು. ಬೆಳಕಿನಂತೆ ಕತ್ತಲೆಯೂ ಸ್ವತಂತ್ರವಾದ ಒಂದು ಮೂಲತತ್ತ್ವವೆಂಬುದು ಆ ಮತದ ಬೋಧನೆ. ಅದನ್ನು ತೊರೆದ ಮೇಲೆ ಅವರು ಕಂಡುಕೊಂಡ ಸತ್ಯ ಬೇರೆ: ಕೇಡಿಗೆ ತನ್ನದೇ ಆದ ಸ್ವಭಾವವಿಲ್ಲ, ಒಳಿತಿನ ನಷ್ಟಕ್ಕೇ ಕೇಡು ಎಂಬ ಹೆಸರು ಬಂದಿದೆ. ದೇವನಗರದ 11ನೆಯ ಭಾಗದಲ್ಲಿ ದೂತರ ಪತನವನ್ನು ಕುರಿತು ಬರೆಯುವಾಗ ಅವರು ಹೇಳುವುದು ಇದನ್ನೇ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಮ್ಮೇಳನವು ಸೈತಾನನೂ ಇತರ ಅಪದೂತರೂ ದೇವರಿಂದ ಸ್ವಭಾವತಃ ಒಳ್ಳೆಯವರಾಗಿ ಸೃಷ್ಟಿಯಾದರೆಂದೂ ತಮ್ಮಿಂದ ತಾವೇ ಕೆಟ್ಟರೆಂದೂ ವಿಧ್ಯುಕ್ತವಾಗಿ ಬೋಧಿಸಿತು. ಸಂತ ತೋಮಸ್ ಅಕ್ವಿನಾಸರು ಅದೇ ಬೋಧನೆಯನ್ನು ತರ್ಕಬದ್ಧವಾಗಿ ವಿಸ್ತರಿಸಿದರು.

ಇದರಿಂದ ಕೇಡು ಬರಿಯ ಭ್ರಮೆಯೆಂದು ಯಾರೂ ಭಾವಿಸಬಾರದು. ಕುರುಡುತನವು ದೃಷ್ಟಿಯ ಅಭಾವ ಮಾತ್ರ. ಆದರೆ ಕುರುಡನು ಎಡವಿ ಬೀಳುವುದು ಭ್ರಮೆಯಲ್ಲ. ದೀಕ್ಷಾಸ್ನಾನದಲ್ಲಿ ನಾವು ಸೈತಾನನನ್ನೂ ಅವನ ಕಾರ್ಯಗಳನ್ನೂ ತ್ಯಜಿಸುತ್ತೇವೆ. ಆ ತ್ಯಾಗ ಗಂಭೀರವಾದದ್ದು. ನಾವು ತ್ಯಜಿಸುವುದು ಅವನ ಕಾರ್ಯಗಳನ್ನು. ನಾಲ್ಕಾರು ಅಕ್ಷರಗಳಿಗೆ ಅಂಜುವುದನ್ನು ದೀಕ್ಷೆ ನಮಗೆ ಕಲಿಸುವುದಿಲ್ಲ. ಕಾದಂಬರಿಯ ಖಳನ ಹೆಸರನ್ನು ಮಗು ಉಚ್ಚರಿಸಿದರೆ ಕೇಡು ಬರುವುದೆಂದು ಹೆದರುವವರು, ಕೇಡಿಗೆ ಸ್ವತಂತ್ರವಾದ ಸತ್ತ್ವವಿದೆಯೆಂದು ತಮಗರಿವಿಲ್ಲದೆಯೇ ಒಪ್ಪಿಕೊಂಡಂತಾಗುತ್ತದೆ.

6. ಕಥೆಯಿಂದ ಓಣಿಗೆ

ಹಾಗಾದರೆ ಅಂಜಬೇಕಾದದ್ದು ಯಾವುದಕ್ಕೆ? ಖಳನ ಹೆಸರು ಕಥೆಯಿಂದ ಇಳಿದು ಓಣಿಯ ಮನುಷ್ಯರ ಮೇಲೆ ಬೀಳುವುದಕ್ಕೆ.

'ಮಲೆಫಿಸೆಂಟ್' ಎಂಬ ಹೆಸರನ್ನೇ ನೋಡೋಣ. 1697ರ ಪೆರೋನ ಕಥೆಯಲ್ಲಿ ಶಾಪ ಕೊಡುವ ಆ ಮುದುಕಿಗೆ ಹೆಸರೇ ಇಲ್ಲ. 1959ರ ಡಿಸ್ನಿ ಚಿತ್ರ ಅವಳಿಗೆ ಈ ಹೆಸರನ್ನು ಕೊಟ್ಟಿತು. ಮೂಲ ಲ್ಯಾಟಿನ್ನಿನ 'ಮಲೆಫಿಕುಸ್', ಕೇಡು ಮಾಡುವವನು. 2ನೆಯ ಶತಮಾನದ ಆದಿಯಲ್ಲಿ ನೀರೋನ ಚರಿತ್ರೆಯನ್ನು ಬರೆದ ರೋಮಿನ ಸ್ವೆತೋನಿಯಸನು ಕ್ರೈಸ್ತರ ಹೊಸ ಭಕ್ತಿಗೆ ಅಂಟಿಸಿದ ವಿಶೇಷಣ ಇದೇ. ಆ ಹಣೆಪಟ್ಟಿಯನ್ನು ಹೊತ್ತು ನಮ್ಮ ಪೂರ್ವಿಕರು ಪ್ರಾಣ ತೆತ್ತರು. ಅದೇ ಪದವನ್ನು ಸ್ತ್ರೀಲಿಂಗದ ಬಹುವಚನಕ್ಕೆ ತಿರುಗಿಸಿ 'ಮಲೆಯುಸ್ ಮಲೆಫಿಕಾರುಂ' ಎಂಬ ಪುಸ್ತಕವನ್ನು 1486ರ ಸುಮಾರಿಗೆ ಪ್ರಕಟಿಸಿದವನು ಕ್ರೈಸ್ತ ಸನ್ಯಾಸಿ ಹೈನ್‌ರಿಖ್ ಕ್ರಾಮರ್. ಮಾಟಗಾತಿಯರಿಗೆ ಸುತ್ತಿಗೆ ಎಂದು ಆ ಶೀರ್ಷಿಕೆಯ ಅರ್ಥ. ಮುಂದಿನ ಮೂರು ಶತಮಾನಗಳಲ್ಲಿ ಯೂರೋಪಿನಲ್ಲಿ ಮಾಟದ ಆರೋಪದ ಮೇಲೆ 40ರಿಂದ 60 ಸಾವಿರ ಜನರ ಕೊಲೆಯಾಯಿತೆಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಅವರಲ್ಲಿ ಬಹುಪಾಲು ಹೆಂಗಸರು. ಕಥೋಲಿಕರ ನಾಡುಗಳಲ್ಲಿಯೂ ಪ್ರಾಟೆಸ್ಟಂಟರ ನಾಡುಗಳಲ್ಲಿಯೂ ಇದು ನಡೆಯಿತು. ಒಂದು ಕಾಲಕ್ಕೆ ತಮ್ಮ ಮೇಲೆ ಬಿದ್ದಿದ್ದ ಪದವನ್ನು ಕ್ರೈಸ್ತರು ಎತ್ತಿಕೊಂಡು ಅಬಲೆಯರ ಮೇಲೆ ಎಸೆದರು. ದಿಯಾಬೊಲೋಸ್ ಎಂಬ ಪದದ ಅರ್ಥವೂ ಎಸೆಯುವವನು ಎಂದೇ ಅಲ್ಲವೇ?

ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಈ ಕೆಲಸ ಮಾಡುವ ಪದ 'ಬಾನಾಮತಿ'. ಮಗು ಸೊರಗಿದರೆ, ಎಮ್ಮೆ ಬತ್ತಿದರೆ, ಸೊಸೆ ಮಂಕಾದರೆ, ಓಣಿಯ ಕೊನೆಯ ಮನೆಯಲ್ಲಿ ಒಂಟಿಯಾಗಿರುವ ವಿಧವೆಯತ್ತ ಬೆರಳು ತಿರುಗುತ್ತದೆ. ಮಾಟ ಎಂಬ ಮಾತು ಒಮ್ಮೆ ಬಿದ್ದರೆ ಅವಳಿಗೆ ಬಾವಿಯ ನೀರೂ ಮದುವೆಯ ಊಟವೂ ದೂರವಾಗುತ್ತವೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರದ ನಿರ್ಮೂಲನಾ ಕಾಯಿದೆಯು ಅಪರಾಧವೆಂದಿದೆ. ಕಾಯಿದೆಯು ಕೈಯನ್ನು ತಡೆಯಬಹುದು. ನಾಲಿಗೆಯನ್ನು ತಡೆಯುವ ಹೊಣೆ ಧರ್ಮೋಪದೇಶಕರದು.

ಕೆಟ್ಟ ಹೆಸರಿಗೆ ಇನ್ನೂ ನೋವಿನ ನಿದರ್ಶನ 'ದೇವದಾಸಿ'. ಅದರ ಅಕ್ಷರಾರ್ಥ ದೇವರ ಸೇವಕಿ. ಬಡ ಮನೆಯ, ಹೆಚ್ಚಾಗಿ ದಲಿತ ಮನೆಯ, ಬಾಲೆಯರಿಗೆ ಮುತ್ತು ಕಟ್ಟಿ, ಆ ಪವಿತ್ರ ಪದದ ಮರೆಯಲ್ಲಿ ಅವರ ಬದುಕನ್ನು ಸೂರೆಗೊಂಡ ಪದ್ಧತಿಯನ್ನು ಕರ್ನಾಟಕವು 1982ರ ಕಾಯಿದೆಯಿಂದ ನಿಷೇಧಿಸಿತು. ಕೊಪ್ಪಳವೂ ಸೇರಿದಂತೆ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಆ ಪದ್ಧತಿಗೆ ಬಲಿಯಾದ ಮಹಿಳೆಯರೂ ಅವರ ಮಕ್ಕಳೂ ಇಂದಿಗೂ ಇದ್ದಾರೆ. ಮುತ್ತು ಕಟ್ಟಿಸಿದವರ ಮೇಲೆ, ಅದರಿಂದ ಸುಖ ಪಡೆದವರ ಮೇಲೆ ಯಾವ ಹೆಸರೂ ಅಂಟಲಿಲ್ಲ. ಕಳಂಕವೆಲ್ಲವೂ ಆ ಹೆಂಗಸಿನ ಹೆಸರಿಗೇ ಅಂಟಿತು. ಆದರೆ ಸಂತ ಲೂಕನ ಶುಭಸಂದೇಶದಲ್ಲಿ ದೇವದೂತನಿಗೆ ಉತ್ತರಿಸುವಾಗ ಮಾತೆ ಮರಿಯ ತನಗೆ ತಾನೇ ಆರಿಸಿಕೊಂಡ ಹೆಸರು ಯಾವುದು? ಗ್ರೀಕಿನಲ್ಲಿ 'ದೂಲೆ ಕ್ಯೂರಿಯೂ', ಲ್ಯಾಟಿನ್ನಿನಲ್ಲಿ 'ಅಂಚಿಲ್ಲ ದೋಮಿನಿ', ಅಂದರೆ ಪ್ರಭುವಿನ ದಾಸಿ (ಲೂಕ 1:38). ತ್ರಿಕಾಲ ಪ್ರಾರ್ಥನೆಯಲ್ಲಿ ನಾವು ದಿನಕ್ಕೆ ಮೂರು ಬಾರಿ ಗೌರವದಿಂದ ನೆನೆಯುವ ಪದವೂ ಓಣಿಯಲ್ಲಿ ಬೈಗಳಾಗಿ ಕೇಳುವ ಪದವೂ ಬೇರಿನಲ್ಲಿ ಒಂದೇ. ಆ ಪದ್ಧತಿಯನ್ನು ಖಂಡಿಸುವುದು ನಮ್ಮ ಕರ್ತವ್ಯ. ಅದಕ್ಕೆ ಬಲಿಯಾದವಳನ್ನು ಆ ಹೆಸರಿನಿಂದ ಹೀಯಾಳಿಸುವವನು ಮಾತ್ರ ಮರಿಯಳ ಮಾತನ್ನೇ ಕೆಸರಿಗೆ ಎಳೆಯುತ್ತಾನೆ.

7. ಮಿಕಾಯೇಲನ ಮೌನ

ಯೂದನ ಚಿಕ್ಕ ಪತ್ರದಲ್ಲಿ ಒಂದು ಅಪರೂಪದ ಪ್ರಸಂಗವಿದೆ. ಮೋಶೆಯ ದೇಹವನ್ನು ಕುರಿತು ಸೈತಾನನೊಡನೆ ವಾದಿಸಿದ ಪ್ರಧಾನ ದೂತ ಮಿಕಾಯೇಲನು ಅವನ ಮೇಲೆ ದೂಷಣೆಯ ತೀರ್ಪು ಹೊರಿಸಲು ಮುಂದಾಗದೆ, ಗದರಿಸುವ ಕೆಲಸವನ್ನು ಪ್ರಭುವಿಗೇ ಬಿಟ್ಟನು (ಯೂದ 9). ಎದುರಿಗೆ ನಿಂತವನು ಚಾಡಿಕೋರನೆಂದು ತಿಳಿದೂ ಮಿಕಾಯೇಲನು ತಾನು ಚಾಡಿಕೋರನಾಗಲಿಲ್ಲ. ಸೈತಾನನನ್ನು ಎದುರಿಸುವ ದಾರಿ ಅದು: ಅವನ ಕೆಲಸವನ್ನು ನಾವು ಮಾಡದಿರುವುದು.

ಆದ್ದರಿಂದ ಮಕ್ಕಳ ಕೈಯಿಂದ ಆ ಕಥೆಪುಸ್ತಕಗಳನ್ನು ಕಿತ್ತುಕೊಳ್ಳುವ ಅಗತ್ಯ ನಮಗೆ ಕಾಣುವುದಿಲ್ಲ. ಧರ್ಮೋಪದೇಶಕರು ಅವುಗಳ ಖಳರ ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆದು, ಅವುಗಳ ಬೇರನ್ನು ಬಿಡಿಸಿ, ಅಲ್ಲಿ ಬೆಳಕು, ನಂಬಿಕೆ, ಮನಸ್ಸು, ಶೌರ್ಯ ಎಂಬ ಒಳ್ಳೆಯ ಮಾತುಗಳೇ ಅಡಗಿರುವುದನ್ನು ತೋರಿಸಬಹುದು. ಆಮೇಲೆ ಮಕ್ಕಳನ್ನು ಇನ್ನೊಂದು ಮಾತು ಕೇಳಬೇಕು: ನಿಮ್ಮ ತರಗತಿಯಲ್ಲಿ, ನಿಮ್ಮ ಓಣಿಯಲ್ಲಿ, ಯಾರಿಗೆ ಯಾವ ಹೆಸರನ್ನು ಅಂಟಿಸಿದ್ದೀರಿ? ಅವರ ದೀಕ್ಷೆಯ ಹೆಸರು, ತಾಯಿ ಕರೆಯುವ ಹೆಸರು ನಿಮಗೆ ಗೊತ್ತಿದೆಯೇ? ಗವಿಮಠದ ಬಂಡೆಯು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಒಬ್ಬನ ಹೆಸರಿನ ಮಾನವನ್ನು ಕಾದಿದೆ. ನೆರೆಯವನ ಹೆಸರನ್ನು ಕಾಯಬೇಕೆಂದು ಎಂಟನೆಯ ಆಜ್ಞೆ ನಮ್ಮಿಂದಲೂ ಕೇಳುತ್ತದೆ.